ಹಗಲು ನಿದ್ದೆಯ ಹಕ್ಕು

ನಮ್ಮ ಬಳಗದ ಕಳೆದ ತಿಂಗಳ ಕೂಟದಲ್ಲಿ ಹಿರಿಯ ಸದಸ್ಯರೊಬ್ಬರು ತಮ್ಮ ಹವಾಯಿ ಪ್ರವಾಸದ ಲೇಖನವನ್ನು ಓದಿದರು. 2019ರಲ್ಲಿ ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅವರೆಲ್ಲ ಸೇರಿ ಆ ದ್ವೀಪಗಳಿಗೆ ಹೋಗಿ ಬಂದಿದ್ದರು. ಲೇಖನದ ನಡುಮಧ್ಯದಲ್ಲಿದ್ದದ್ದು ಒಂದು ಬೆಳಗಿನ ಚಿತ್ರ. ದೋಣಿಯೊಂದು ದ್ವೀಪದ ಪಶ್ಚಿಮ ತೀರದ ಶಾಂತವಾದ ಕೊಲ್ಲಿಯನ್ನು ಸೇರುತ್ತದೆ. ತಳದ ಮರಳು ಕಾಣುವಷ್ಟು ತಿಳಿಯಾದ ನೀರು. ಅಲ್ಲಿ ಐವತ್ತು ಅರವತ್ತು ಡಾಲ್ಫಿನ್‌ಗಳು ಒಂದಕ್ಕೊಂದು ಒತ್ತಿಕೊಂಡು, ಸದ್ದಿಲ್ಲದೆ, ನಿಧಾನವಾಗಿ ಸುತ್ತುತ್ತಿವೆ. "ಧ್ಯಾನಸ್ಥ ಋಷಿಗಳಂತೆ" ಎಂಬುದು ಲೇಖಕರ ಉಪಮೆ. ದೋಣಿಯಲ್ಲಿದ್ದವರೆಲ್ಲ ಲೈಫ್ ಜಾಕೆಟ್ ತೊಟ್ಟು ನೀರಿಗಿಳಿಯುತ್ತಾರೆ. ಅಕ್ಕಪಕ್ಕದಲ್ಲಿ ಇನ್ನೂ ನಾಲ್ಕಾರು ದೋಣಿಗಳು ನಿಂತಿವೆ. ಸ್ವಲ್ಪ ಹೊತ್ತಿಗೆ ಗುಂಪು ಚದುರುತ್ತದೆ. ಒಂದು ಡಾಲ್ಫಿನ್ ನೀರಿನಿಂದ ಮೇಲಕ್ಕೆ ಚಿಮ್ಮಿ ಬುಗುರಿಯಂತೆ ಗಿರಕಿ ಹೊಡೆದು ಬೀಳುತ್ತದೆ. "ನಮ್ಮನ್ನು ಸ್ವಾಗತಿಸಲೆಂದು ಅದು ಕುಣಿಯಿತು" ಎಂಬಲ್ಲಿಗೆ ಆ ಚಿತ್ರ ಮುಗಿಯುತ್ತದೆ.

ಓದು ಮುಗಿದಾಗ ಜೋರು ಚಪ್ಪಾಳೆ. ಲೇಖನವನ್ನು ನಮ್ಮ ವಾರ್ಷಿಕ ಸಂಚಿಕೆಗೆ ಆಯ್ದುಕೊಳ್ಳುವುದೆಂದು ಅಲ್ಲೇ ತೀರ್ಮಾನವೂ ಆಯಿತು. ನಾನು ಎದ್ದು ನಿಂತು ಎರಡೇ ಮಾತು ಹೇಳಿದೆ: ಆ ಡಾಲ್ಫಿನ್‌ಗಳು ಧ್ಯಾನ ಮಾಡುತ್ತಿರಲಿಲ್ಲ, ಮಲಗಿದ್ದವು, ಅವು ನಿಮ್ಮನ್ನು ಸ್ವಾಗತಿಸಲಿಲ್ಲ, ನೀವು ಅವುಗಳನ್ನು ಎಬ್ಬಿಸಿದಿರಿ. ಸಭೆಗೆ ಈ ಮಾತು ರುಚಿಸಲಿಲ್ಲ. ಚಹಾದ ಹೊತ್ತಿನಲ್ಲಿ ಒಬ್ಬರು, "ಕಾವ್ಯಕ್ಕೂ ಫೈಲು ತೆರೆಯುತ್ತೀರಲ್ಲ ಮಾರಾಯರೆ" ಎಂದು ನಕ್ಕರು. ಇನ್ನೊಬ್ಬರು ನಾನು ರಸಿಕನಲ್ಲವೆಂದರು. ಲೇಖಕರು ಮಾತ್ರ ಸೌಜನ್ಯದಿಂದಲೇ, "ಪ್ರೀತಿಯಿಂದ ನೋಡಲು ಹೋದವರನ್ನು ಅಪರಾಧಿಗಳಂತೆ ಕಾಣಬೇಡಿ" ಎಂದರು. ಅವರ ಆ ಮಾತಿಗೆ ಉತ್ತರಿಸುವ ಹೊಣೆ ನನ್ನ ಮೇಲಿದೆ. ನಾನು ಹೇಳಬೇಕಾದದ್ದು ಇಷ್ಟೇ: ತೊಂದರೆ ಇರುವುದು ಆ ಪ್ರೀತಿಯಲ್ಲಿಯೇ. ತಾನು ಪ್ರೀತಿಸುವ ಜೀವಿ ಯಾವಾಗ ದುಡಿಯುತ್ತದೆ, ಯಾವಾಗ ಉಣ್ಣುತ್ತದೆ, ಯಾವಾಗ ಮಲಗುತ್ತದೆ ಎಂದು ಕೇಳದ ಪ್ರೀತಿ ಹಿಂಸೆಗಿಂತ ಬಹಳ ದೂರದಲ್ಲೇನೂ ಇರುವುದಿಲ್ಲ.

ಈ ವಾದದಲ್ಲಿ ನನ್ನದೊಂದು ಸ್ವಂತ ಪಕ್ಷಪಾತವಿದೆ; ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಕೇಂದ್ರ ಸರ್ಕಾರದ ನೌಕರ. ಮುಂಬಯಿಗೆ ಬಂದ ಮೊದಲ ಒಂಬತ್ತು ವರ್ಷ ಅಂಚೆ ವಿಂಗಡಣೆಯ ಕೆಲಸದಲ್ಲಿ ಬಹುಪಾಲು ರಾತ್ರಿ ಪಾಳಿಯನ್ನೇ ಮಾಡಿದವನು. ಬೆಳಿಗ್ಗೆ ಊರಿಗೆ ಊರೇ ಲೋಕಲ್ ರೈಲಿನಲ್ಲಿ ಜೋತಾಡುತ್ತ ಪೇಟೆಯ ಕಡೆಗೆ ಓಡುವಾಗ, ನಾನು ಎದುರು ದಿಕ್ಕಿನ ಖಾಲಿ ಡಬ್ಬಿಯಲ್ಲಿ ಕುಳಿತು ಡೊಂಬಿವಲಿಗೆ ಮರಳುತ್ತಿದ್ದೆ. ಒಂಬತ್ತಕ್ಕೋ ಹತ್ತಕ್ಕೋ ಹಾಸಿಗೆಗೆ ಒರಗಿದರೆ, ಆಮೇಲೆ ಬಾಗಿಲಿನ ಗಂಟೆಯ ಸರದಿ. ಗ್ಯಾಸ್ ಸಿಲಿಂಡರಿನವನು, ಇಸ್ತ್ರಿಯವನು, ಸೊಸೈಟಿಯ ವಾಚ್‌ಮನ್. ಪಕ್ಕದ ಮನೆಯ ಮರಾಠಿ ಕಾಕು ಬಿಸಿ ಪೋಹೆ ತಂದು, ನಾನು ತಿನ್ನುವುದನ್ನು ನೋಡಿಯೇ ಹೋಗುವರು. ಊರಿನಿಂದ ಬಂದ ನೆಂಟರು, "ಹೊತ್ತು ನೆತ್ತಿಗೇರಿದರೂ ಮಲಗುವುದುಂಟೆ" ಎಂದು ಹೊದಿಕೆ ಎಳೆಯುವರು. ಇವರಲ್ಲಿ ಒಬ್ಬರಿಗೂ ನನ್ನ ಮೇಲೆ ದ್ವೇಷವಿರಲಿಲ್ಲ. ನನ್ನನ್ನು ಎಬ್ಬಿಸಿದವರಲ್ಲಿ ಹೆಚ್ಚಿನವರು ಅಕ್ಕರೆಯಿಂದಲೇ ಎಬ್ಬಿಸಿದರು. ಪ್ರತಿಯೊಬ್ಬರ ಲೆಕ್ಕದಲ್ಲೂ ಅದು ಎರಡು ನಿಮಿಷದ ವಿಷಯ. ಆ ಎರಡೆರಡು ನಿಮಿಷಗಳ ಮೊತ್ತ ಮಾತ್ರ ನನ್ನ ಮೈಯಲ್ಲಿ ಜಮಾ ಆಗುತ್ತಿತ್ತು. ಮೂರನೆಯ ವರ್ಷದ ಹೊತ್ತಿಗೆ ಹುಬ್ಬಳ್ಳಿಯ ಕಾಗದ ಹೌರಾದ ಚೀಲಕ್ಕೆ ಬೀಳತೊಡಗಿತು. ಕಣ್ಣು ತೆರೆದಿದ್ದರೂ ವಿಳಾಸ ತಲೆಗೆ ಹೋಗುತ್ತಿರಲಿಲ್ಲ. ಕೊನೆಗೆ ನನ್ನ ಹೆಂಡತಿ ಬಾಗಿಲಿಗೆ ಒಂದು ಚೀಟಿ ಅಂಟಿಸಿದಳು: ರಾತ್ರಿ ಪಾಳಿಯವರು ಮಲಗಿದ್ದಾರೆ, ದಯವಿಟ್ಟು ಗಂಟೆ ಒತ್ತಬೇಡಿ. ಮರಾಠಿಯಲ್ಲಿ, ಹಿಂದಿಯಲ್ಲಿ, ನೆಂಟರಿಗಾಗಿ ಕನ್ನಡದಲ್ಲಿ. ನನ್ನ ಆರೋಗ್ಯ ಉಳಿದದ್ದು ಆ ಚೀಟಿಯಿಂದ.

ನಮ್ಮ ಹಿರಿಯ ಮಿತ್ರರು ನೋಡಿದ ಡಾಲ್ಫಿನ್ ಕೂಡ ರಾತ್ರಿ ಪಾಳಿಯದು. ಇದನ್ನು ನಾನು ಅಲಂಕಾರಕ್ಕಾಗಿ ಹೇಳುತ್ತಿಲ್ಲ. ಅದರ ಜೀವಶಾಸ್ತ್ರವೇ ಹಾಗೆ.

ಆ ಜಾತಿಯ ಹೆಸರು ಸ್ಪಿನ್ನರ್ ಡಾಲ್ಫಿನ್. ಶಾಸ್ತ್ರೀಯ ಹೆಸರು ಸ್ಟೆನೆಲ್ಲಾ ಲಾಂಗಿರಾಸ್ಟ್ರಿಸ್; ಎರಡನೆಯ ಪದಕ್ಕೆ ಉದ್ದ ಮೂತಿಯದು ಎಂದರ್ಥ. ಕನ್ನಡದಲ್ಲಿ ಗಿರಕಿ ಡಾಲ್ಫಿನ್ ಎಂದು ಕರೆಯೋಣ. ಪೆಸಿಫಿಕ್, ಅಟ್ಲಾಂಟಿಕ್, ಹಿಂದೂ ಮಹಾಸಾಗರ ಮೂರರ ಉಷ್ಣವಲಯದಲ್ಲೂ ಇದು ಬದುಕುತ್ತದೆ. ನಮ್ಮ ಲಕ್ಷದ್ವೀಪದ ಸುತ್ತಲೂ ಇದೆ. ಡಾಲ್ಫಿನ್‌ಗಳಲ್ಲಿ ಇದು ಸಣ್ಣ ಗಾತ್ರದ್ದು. ಬೆಳೆದ ಪ್ರಾಣಿ ಎರಡು ಮೀಟರಿನ ಆಸುಪಾಸು, ತೂಕ ಹೆಚ್ಚೆಂದರೆ ಒಬ್ಬ ದಷ್ಟಪುಷ್ಟ ಮನುಷ್ಯನಷ್ಟು. ಬೆನ್ನು ಕಡುಬೂದು, ಪಕ್ಕೆ ತಿಳಿಬೂದು, ಹೊಟ್ಟೆ ಬಿಳುಪು. ಸಪೂರವಾದ ಉದ್ದ ಮೂತಿಯ ತುಂಬ ಸೂಜಿಯಂಥ ಹಲ್ಲುಗಳು, ಎಣಿಸಿದರೆ ಸುಮಾರು ಇನ್ನೂರು. ಇದು ಮೀನಲ್ಲ ಎಂಬುದು ಎಲ್ಲರಿಗೂ ಗೊತ್ತಿದೆ. ಗಾಳಿ ಉಸಿರಾಡುವ, ಮರಿ ಹಾಕಿ ಹಾಲೂಡುವ ಸಸ್ತನಿ. ಸುಮಾರು ಹತ್ತು ತಿಂಗಳ ಗರ್ಭ, ಒಂದು ಸಲಕ್ಕೆ ಒಂದೇ ಮರಿ. ಆ ಮರಿ ಒಂದರಿಂದ ಎರಡು ವರ್ಷ ತಾಯಿಯ ಹಾಲನ್ನು ಅವಲಂಬಿಸುತ್ತದೆ. ಹೀಗಾಗಿ ಇನ್ನೊಂದು ಮರಿಯಾಗಲು ಸುಮಾರು ಮೂರು ವರ್ಷ ಹಿಡಿಯುತ್ತದೆ. ಈ ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇದರ ಊಟ ಕಡಲಿನ ನಡು ಆಳದಲ್ಲಿದೆ. ಬೆರಳುದ್ದದ ದೀಪಮೀನುಗಳು, ಸಣ್ಣ ಸ್ಕ್ವಿಡ್, ಸಿಗಡಿ. ಇವು ಹಗಲೆಲ್ಲ ನೂರಾರು ಮೀಟರ್ ಕೆಳಗೆ ಕತ್ತಲಲ್ಲಿ ಅಡಗಿದ್ದು, ಸೂರ್ಯ ಮುಳುಗಿದ ಮೇಲೆ ಮೇಲೇರಿ ಬರುತ್ತವೆ, ಬೆಳಗಾಗುವ ಮುನ್ನ ಮತ್ತೆ ಇಳಿದುಹೋಗುತ್ತವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೋನಾರ್ ಯಂತ್ರಗಳಿಗೆ ಈ ಜೀವರಾಶಿಯ ಪದರವೇ ಕಡಲ ತಳದಂತೆ ಕಂಡು ಯಂತ್ರ ನಡೆಸುವವರು ಮೋಸಹೋಗಿದ್ದರು. ಅಷ್ಟು ದಟ್ಟವಾದ ರಾಶಿ ಅದು. ಗಿರಕಿ ಡಾಲ್ಫಿನ್ ಈ ಪದರದ ವೇಳಾಪಟ್ಟಿಗೆ ತನ್ನ ಬದುಕನ್ನು ಕಟ್ಟಿಕೊಂಡಿದೆ. ಸಂಜೆ ತೀರದಿಂದ ಹೊರಟು ಆಳದ ನೀರಿಗೆ ಹೋಗುತ್ತದೆ, ರಾತ್ರಿಯೆಲ್ಲ ಮುಳುಗಿ ಏಳುತ್ತ ಬೇಟೆಯಾಡುತ್ತದೆ. ಹವಾಯಿಯ ಕಡಲಿನಲ್ಲಿ ಸೋನಾರ್ ಹಿಡಿದು ಇದನ್ನು ಗಮನಿಸಿದ ವಿಜ್ಞಾನಿಗಳಾದ ಕೆಲ್ಲಿ ಬೆನೊವಾ ಬರ್ಡ್ ಮತ್ತು ವಿಟ್ಲೋ ಔ ಕಂಡದ್ದು ಒಂದು ಶಿಸ್ತಿನ ಸಾಮೂಹಿಕ ದುಡಿಮೆಯನ್ನು. ಹದಿನಾರರಿಂದ ಇಪ್ಪತ್ತೆಂಟು ಡಾಲ್ಫಿನ್‌ಗಳು ಜೋಡಿ ಜೋಡಿಯಾಗಿ ವೃತ್ತ ಕಟ್ಟಿ, ಚದುರಿದ ಮೀನನ್ನು ನಡುವಿಗೆ ಒತ್ತರಿಸಿ ದಟ್ಟಮಾಡಿ, ಆಮೇಲೆ ಸರದಿಯಂತೆ ಜೋಡಿಗಳು ಒಳನುಗ್ಗಿ ತಿನ್ನುತ್ತವೆ. ಒಬ್ಬೊಬ್ಬರೇ ಮಾಡಲಾಗದ ಕೆಲಸ ಇದು. ನಿದ್ದೆಗೆಟ್ಟ ಮನಸ್ಸು ಮಾಡಬಲ್ಲ ಕೆಲಸವಂತೂ ಅಲ್ಲ.

ಬೆಳಗಾದ ಮೇಲೆ ಗುಂಪು ತೀರದ ಕೊಲ್ಲಿಗೆ ಮರಳುತ್ತದೆ. ಯಾವ ಕೊಲ್ಲಿ ಎಂಬುದರಲ್ಲಿ ಅದಕ್ಕೆ ಬಹಳ ಕಟ್ಟುನಿಟ್ಟು. ಆಳ ಕಡಿಮೆ ಇರಬೇಕು, ಗಾಳಿ ಅಲೆಗಳಿಂದ ಮರೆಯಾಗಿರಬೇಕು, ತಳ ಬಿಳಿಮರಳಿನದಾಗಿರಬೇಕು. ಮರಳೇ ಏಕೆ? ಡಾಲ್ಫಿನ್ ರಾತ್ರಿಯೆಲ್ಲ ಶಬ್ದದ ಪ್ರತಿಧ್ವನಿಯಿಂದ ಜಗತ್ತನ್ನು ಕಾಣುವ ಪ್ರಾಣಿ. ವಿಶ್ರಾಂತಿಯ ಹೊತ್ತಿನಲ್ಲಿ ಅದು ಈ ಶಬ್ದವನ್ನು ಬಹುಮಟ್ಟಿಗೆ ನಿಲ್ಲಿಸಿಬಿಡುತ್ತದೆ. ಗುಂಪಿಗೆ ಗುಂಪೇ ಮೌನವಾಗುತ್ತದೆ. ಆಗ ಕಾವಲಿಗೆ ಉಳಿಯುವುದು ಕಣ್ಣು ಮಾತ್ರ. ಹುಲಿ ಶಾರ್ಕ್ ಬಂದರೆ ಬಿಳಿಮರಳಿನ ಮೇಲೆ ಅದರ ಕಪ್ಪು ಆಕಾರ ಎದ್ದು ಕಾಣುತ್ತದೆ. ಒಂದಕ್ಕೊಂದು ಒತ್ತಿಕೊಂಡು ಈಜುವುದೂ ಅದಕ್ಕೇ: ಹಲವು ಕಣ್ಣುಗಳು ಸೇರಿ ಒಂದು ಕಾವಲು. ಹೀಗೆ ನಾಲ್ಕೈದು ಗಂಟೆ. ಡಾಲ್ಫಿನ್‌ಗಳು ಮಿದುಳಿನ ಒಂದೊಂದೇ ಅರ್ಧವನ್ನು ಮಲಗಿಸುತ್ತವೆ ಎಂಬುದನ್ನು 1970ರ ದಶಕದಲ್ಲಿ ಸೋವಿಯತ್ ವಿಜ್ಞಾನಿಗಳು ಬೇರೊಂದು ಜಾತಿಯ ಮೇಲೆ ಮಾಡಿದ ಪ್ರಯೋಗಗಳಿಂದ ತೋರಿಸಿದರು. ಪೂರ್ತಿ ಮಲಗಿದರೆ ಉಸಿರಾಟಕ್ಕೆ ಮೇಲೆ ಬರುವವರಾರು? ಆದುದರಿಂದ ಈಜುತ್ತಿರುವುದೆಲ್ಲ ಎಚ್ಚರವಲ್ಲ. ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಅರಿಸ್ಟಾಟಲ್, ಡಾಲ್ಫಿನ್ ಮಲಗುತ್ತದೆ, ಅದು ಗೊರಕೆ ಹೊಡೆಯುವುದನ್ನು ಕೇಳಿದವರಿದ್ದಾರೆ ಎಂದು ಬರೆದಿಟ್ಟಿದ್ದಾನೆ. ಆತ ಕೇಳಿಸಿಕೊಂಡಷ್ಟನ್ನೂ ನಮ್ಮ ಪ್ರವಾಸ ಸಾಹಿತ್ಯ ಕೇಳಿಸಿಕೊಳ್ಳಲಿಲ್ಲ.

ಹವಾಯಿಯ ಕೆಅಲಕೆಕುವಾ ಕೊಲ್ಲಿಯಲ್ಲಿ 1970ರ ದಶಕದಿಂದ ಈ ಗುಂಪುಗಳನ್ನು ವರ್ಷಗಟ್ಟಲೆ ಗಮನಿಸಿದವರು ಕೆನೆತ್ ನಾರಿಸ್ ಮತ್ತು ಅವರ ಸಂಗಡಿಗರು. ಅವರ ಬರವಣಿಗೆಯಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದದ್ದು ಏಳುವ ಹೊತ್ತಿನ ವರ್ಣನೆ. ಮಧ್ಯಾಹ್ನ ಕಳೆದ ಮೇಲೆ ಗುಂಪಿನ ವೇಗ ಸ್ವಲ್ಪ ಹೆಚ್ಚುತ್ತದೆ, ಒಂದೆರಡು ಡಾಲ್ಫಿನ್ ಚಿಮ್ಮಿ ಗಿರಕಿ ಹೊಡೆಯುತ್ತವೆ. ಮತ್ತೆ ಎಲ್ಲ ತಣ್ಣಗಾಗುತ್ತದೆ. ಇನ್ನೊಮ್ಮೆ ಕೊಲ್ಲಿಯ ಬಾಯಿಯ ತನಕ ಓಡಿ, ಹೊರಗೆ ಹೋಗದೆ ಅಂಕುಡೊಂಕಾಗಿ ತಿರುಗಿ ಬರುತ್ತವೆ. ಎಲ್ಲರೂ ಎದ್ದಿದ್ದಾರೆಯೆ ಎಂದು ಗುಂಪು ತನ್ನನ್ನು ತಾನೇ ಕೇಳಿಕೊಳ್ಳುವ ಬಗೆ ಇದು ಎಂದು ನಾರಿಸ್ ಅರ್ಥೈಸಿದರು. ಎಲ್ಲ ಸದಸ್ಯರೂ ಒಂದೇ ಲಯಕ್ಕೆ ಬಂದ ಮೇಲಷ್ಟೇ ರಾತ್ರಿಯ ಕಡಲಿಗೆ ಪಯಣ. ಅರ್ಧ ನಿದ್ದೆಯಲ್ಲಿರುವ ಸಂಗಾತಿಯನ್ನು ಬಿಟ್ಟು ಹೊರಡುವ ಪ್ರಾಣಿ ಅಲ್ಲ ಅದು.

ಇನ್ನು ಆ ಗಿರಕಿ. ಗಾಳಿಯಲ್ಲಿ ಒಂದೇ ನೆಗೆತದಲ್ಲಿ ಏಳು ಸುತ್ತಿನವರೆಗೆ ತಿರುಗಬಲ್ಲ ಪ್ರಾಣಿ ಅದು. ಸುತ್ತು ಶುರುವಾಗುವುದು ಗಾಳಿಯಲ್ಲಲ್ಲ, ನೀರಿನೊಳಗೇ. ತಿರುಪಿನಂತೆ ತಿರುಗುತ್ತಲೇ ಮೇಲೆದ್ದು, ನೀರಿನ ತಡೆ ತಪ್ಪಿದೊಡನೆ ವೇಗ ಹೆಚ್ಚುತ್ತದೆ. ಏಕೆ ಸುತ್ತುತ್ತದೆ ಎಂಬುದಕ್ಕೆ ಒಂದಕ್ಕಿಂತ ಹೆಚ್ಚು ವಿವರಣೆಗಳಿವೆ. ಮೈಗೆ ಅಂಟಿಕೊಂಡು ಸವಾರಿ ಮಾಡುವ ರೆಮೊರಾ ಮೀನನ್ನು ಕೊಡವಿಹಾಕಲು ಇದು ನೆರವಾಗುತ್ತದೆಂಬುದು ಒಂದು. ಬೀಳುವಾಗಿನ ಸಪ್ಪಳ ಮತ್ತು ಗುಳ್ಳೆಗಳ ಸಾಲು ದೂರದ ಸಂಗಾತಿಗಳಿಗೆ ಕೊಡುವ ಸಂಕೇತ ಎಂಬುದು ಇನ್ನೊಂದು. ಸಂತೋಷದಿಂದಲೂ ಸುತ್ತಬಹುದು, ನನ್ನ ತಕರಾರಿಲ್ಲ. ಆದರೆ ಈ ಯಾವ ವಿವರಣೆಯಲ್ಲೂ ದೋಣಿಯಲ್ಲಿ ಕುಳಿತ ನಾವು ಇಲ್ಲ. ಯಾರೂ ನೋಡದ ಕತ್ತಲ ಕಡಲಿನಲ್ಲೂ ಅದು ಸುತ್ತುತ್ತದೆ. ನಮಗೆ ಪ್ರಿಯವಾದ ಆ ನಗುವೂ ಅಷ್ಟೇ. ಅದು ದವಡೆಯ ಮೂಳೆಯ ಬಾಗು. ಬಲೆಯಲ್ಲಿ ಉಸಿರುಗಟ್ಟಿ ಸತ್ತ ಡಾಲ್ಫಿನ್‌ನ ಮುಖದ ಮೇಲೂ ಅದೇ ನಗು ಇರುತ್ತದೆ.

ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ನಮಗೆ ಜಾನ್ ರಸ್ಕಿನ್ ಪಾಠವಿತ್ತು. ನಮ್ಮ ಭಾವವನ್ನು ಪ್ರಕೃತಿಯ ಮೇಲೆ ಹೊರಿಸಿ, ಅದು ಅಳುತ್ತಿದೆ, ನಗುತ್ತಿದೆ ಎನ್ನುವುದನ್ನು ಆತ 1856ರಲ್ಲಿ ಪಥೆಟಿಕ್ ಫ್ಯಾಲಸಿ ಎಂದು ಕರೆದ. ಅಂದು ನಾನು ಅದನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಿದೆ. ಮೋಡದ ಮೇಲೆ ದುಃಖವನ್ನು ಹೊರಿಸಿದರೆ ಮೋಡಕ್ಕೆ ನಷ್ಟವಿಲ್ಲ, ಆದುದರಿಂದ ಇದು ಬರಿಯ ಅಲಂಕಾರಶಾಸ್ತ್ರದ ಜಗಳ ಎಂದೇ ಭಾವಿಸಿದ್ದೆ. ಆದರೆ ಮಲಗಿರುವ ಪ್ರಾಣಿಯ ಮೇಲೆ ಆಹ್ವಾನವನ್ನು ಹೊರಿಸಿದರೆ? ಆಗ ಉಪಮೆ ಪುಟದ ಮೇಲೆ ಉಳಿಯುವುದಿಲ್ಲ, ನೀರಿಗಿಳಿಯುತ್ತದೆ. "ಕರೆಯುತ್ತಿವೆ" ಎಂದು ಓದಿದವನು ಹೋಗಲೇಬೇಕಲ್ಲ! ಪ್ರವಾಸದ ಜಾಹೀರಾತು ಬರೆಯುವವನು ಹಣಕ್ಕಾಗಿ ಹೇಳುವ ಮಾತನ್ನು ಸಾಹಿತಿಗಳಾದ ನಾವು ಪುಕ್ಕಟೆಯಾಗಿ, ಇನ್ನೂ ಚೆಂದಗೊಳಿಸಿ ಹೇಳುತ್ತಿದ್ದೇವೆ.

ಈಗ ಮಿತ್ರರ ಲೇಖನವನ್ನು ಮತ್ತೊಮ್ಮೆ ಓದಿ. ಅವರ ಕಣ್ಣು ಎಲ್ಲವನ್ನೂ ಸರಿಯಾಗಿ ಕಂಡಿದೆ. ಆ ಮಟ್ಟಿಗೆ ಅವರು ಒಳ್ಳೆಯ ಲೇಖಕರು. ಬೆಳಗಿನ ಹೊತ್ತು, ಆಳವಿಲ್ಲದ ಕೊಲ್ಲಿ, ಮರಳಿನ ತಳ, ಒತ್ತೊತ್ತಾದ ಗುಂಪು, ಮೌನ, ನಿಧಾನ. ವಿಜ್ಞಾನಿಯೊಬ್ಬ ತನ್ನ ಟಿಪ್ಪಣಿ ಪುಸ್ತಕದಲ್ಲಿ "ವಿಶ್ರಾಂತಿ" ಎಂದು ಬರೆದುಕೊಳ್ಳಲು ಬೇಕಾದ ಲಕ್ಷಣಗಳೆಲ್ಲ ಅಲ್ಲಿವೆ. ಆಮೇಲೆ ಜನ ನೀರಿಗಿಳಿದರು, ಗುಂಪು ಚದುರಿತು, ಒಂದು ನೆಗೆಯಿತು. ಕಂಡದ್ದು ಸತ್ಯ, ಓದಿಕೊಂಡದ್ದು ತಪ್ಪು.

ಇದು ಒಂದು ದೋಣಿಯ ಕಥೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಹವಾಯಿ ದ್ವೀಪದ ಕೊಲ್ಲಿಗಳಲ್ಲಿ ಅಧ್ಯಯನ ಮಾಡಿದವರು 2018ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹಗಲಿನ ಶೇಕಡಾ 80ಕ್ಕೂ ಹೆಚ್ಚು ಹೊತ್ತು ಈ ಡಾಲ್ಫಿನ್‌ಗಳ ನೂರು ಮೀಟರಿನೊಳಗೆ ಮನುಷ್ಯರ ಚಟುವಟಿಕೆ ಇತ್ತು. ಒಂದು ತೊಂದರೆಗೂ ಇನ್ನೊಂದಕ್ಕೂ ನಡುವಿನ ಬಿಡುವು ಸಾಮಾನ್ಯವಾಗಿ ಹತ್ತು ನಿಮಿಷ. ಇಲ್ಲಿಲ್ಲದಿದ್ದರೆ ಬೇರೆಡೆ ಮಲಗಲಿ ಎನ್ನುವಂತಿಲ್ಲ. ಈ ಕೊಲ್ಲಿಗಳ ಹೊರಗೆ ಅವು ವಿಶ್ರಮಿಸುವುದು ಬಹಳ ಅಪರೂಪ. ಮಧ್ಯಾಹ್ನದ ಮೇಲೆ ಮಲಗಲಿ ಎನ್ನುವಂತೆಯೂ ಇಲ್ಲ. ಸಂಜೆಗೆ ಪಾಳಿ ಶುರುವಾಗುತ್ತದೆ, ದೀಪಮೀನು ಯಾರಿಗಾಗಿಯೂ ಕಾಯುವುದಿಲ್ಲ. 2021ರಲ್ಲಿ ಅಮೆರಿಕ ಸರ್ಕಾರ ನಿಯಮ ತಂದು, ಹವಾಯಿಯ ಮುಖ್ಯ ದ್ವೀಪಗಳ ತೀರದಿಂದ ಎರಡು ನಾಟಿಕಲ್ ಮೈಲಿಯೊಳಗೆ ಗಿರಕಿ ಡಾಲ್ಫಿನ್‌ಗಳೊಂದಿಗೆ ಈಜುವುದನ್ನೂ, ಅವುಗಳಿಂದ ಐವತ್ತು ಗಜ, ಅಂದರೆ ಸುಮಾರು 46 ಮೀಟರಿಗಿಂತ ಹತ್ತಿರ ಹೋಗುವುದನ್ನೂ ನಿಷೇಧಿಸಿತು. ಮಿತ್ರರು ಹೋದದ್ದು ಅದಕ್ಕೂ ಮೊದಲು. ಅವರು ಕಾನೂನು ಮುರಿದರೆಂದು ನಾನು ಹೇಳುತ್ತಿಲ್ಲ. ಆದರೆ ಲೇಖನ ಓದಿದ್ದು ಈಗ, ಅಚ್ಚಾಗುವುದು ಮುಂದೆ.

ಸಭೆಯಲ್ಲಿ ಕೇಳಿಬಂದ ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದು, ನೋಡದೆ ಪ್ರೀತಿ ಹುಟ್ಟದು, ಪ್ರೀತಿ ಹುಟ್ಟದೆ ರಕ್ಷಣೆ ಇಲ್ಲ ಎಂಬುದು. ಕೇಳಲು ಇಂಪಾದ ಮಾತು. ಆದರೆ ಆ ಕೊಲ್ಲಿಗಳಿಗೆ ವರ್ಷವರ್ಷವೂ ಹೋದದ್ದು ಪ್ರೀತಿಸುವವರೇ. ಡಾಲ್ಫಿನ್ ಎಂದರೆ ತಾತ್ಸಾರವಿದ್ದವನು ದುಡ್ಡು ಕೊಟ್ಟು ಬೆಳಗಿನ ಜಾವ ದೋಣಿ ಏರುವುದಿಲ್ಲ. ನೋಡುವುದನ್ನು ನಾನು ವಿರೋಧಿಸುತ್ತಿಲ್ಲ. ನಾರಿಸ್ ಸಂಗಡಿಗರು ದಂಡೆಯ ಕಡಿಬಂಡೆಯ ಮೇಲೆ ಕುಳಿತು ದುರ್ಬೀನು ಹಿಡಿದೂ ನೋಡಿದರು. ಅಲ್ಲಿಂದ ಕಂಡದ್ದೇನೂ ಕಡಿಮೆಯಲ್ಲ.

ಎರಡನೆಯದು, ದೋಣಿಯವರ ಹೊಟ್ಟೆಪಾಡು. ಇದು ಗೌರವದಿಂದ ಉತ್ತರಿಸಬೇಕಾದ ಪ್ರಶ್ನೆ. ಉತ್ತರ ಈಜಿಪ್ಟಿನಲ್ಲಿದೆ. ಕೆಂಪು ಸಮುದ್ರದ ಸಮದಾಯ್ ಎಂಬ ಹವಳದ ದಿಬ್ಬದ ಒಳಗಿನ ಕೊಳದಲ್ಲಿ ಇದೇ ಗಿರಕಿ ಡಾಲ್ಫಿನ್‌ಗಳು ಹಗಲು ಮಲಗುತ್ತವೆ. ಪ್ರವಾಸಿಗರ ನೂಕುನುಗ್ಗಲು ಮಿತಿಮೀರಿದಾಗ, 2004ರಿಂದ ಅಲ್ಲಿ ಹೊಸ ವ್ಯವಸ್ಥೆ ಬಂತು. ಕೊಳವನ್ನು ವಲಯಗಳಾಗಿ ವಿಂಗಡಿಸಿದರು. ಡಾಲ್ಫಿನ್‌ಗಳು ಮಲಗುವ ಒಳಭಾಗಕ್ಕೆ ದೋಣಿಯೂ ಇಲ್ಲ, ಈಜುಗಾರರೂ ಇಲ್ಲ. ಅದರಾಚೆಗೆ ಒಂದು ಭಾಗದಲ್ಲಿ ಈಜುವವರಿಗೆ ಮಾತ್ರ ಅವಕಾಶ, ಇನ್ನೊಂದರಲ್ಲಿ ದೋಣಿಗಳ ತಂಗುದಾಣ. ದಿನಕ್ಕೆ ಇಷ್ಟೇ ಜನ, ಇಂತಿಷ್ಟು ಹೊತ್ತು, ಪ್ರವೇಶಕ್ಕೆ ಶುಲ್ಕ. ದೋಣಿಯವರ ಸಂಪಾದನೆಯೂ ಉಳಿಯಿತು, ಡಾಲ್ಫಿನ್‌ಗಳೂ ಅಲ್ಲಿಗೆ ಬರುತ್ತಲೇ ಇದ್ದವು. ಮಲಗುವ ಕೋಣೆಗೂ ಜಗಲಿಗೂ ನಡುವೆ ಒಂದು ಹೊಸ್ತಿಲು ಇಟ್ಟರೆ ಸಾಕು. ಅತಿಥಿಗಳು ಜಗಲಿಯಲ್ಲಿ ಕೂರಬಹುದು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು: ಪ್ರವಾಸಿ ಬರೀ ಎಬ್ಬಿಸುತ್ತಾನೆ, ಮೀನಿನ ಬಲೆ ಕೊಲ್ಲುತ್ತದೆ, ಕೊಲ್ಲುವವರನ್ನು ಬಿಟ್ಟು ಎಬ್ಬಿಸುವವರ ಮೇಲೇಕೆ ಸಿಟ್ಟು? ಬಲೆ ಕೊಲ್ಲುವುದು ನಿಜ. ಪೆಸಿಫಿಕ್‌ನ ಪೂರ್ವ ಭಾಗದಲ್ಲಿ ಹಳದಿ ರೆಕ್ಕೆಯ ಟ್ಯೂನಾ ಮೀನಿನ ಹಿಂಡುಗಳು ಚುಕ್ಕೆ ಡಾಲ್ಫಿನ್ ಮತ್ತು ಗಿರಕಿ ಡಾಲ್ಫಿನ್‌ಗಳ ಅಡಿಯಲ್ಲೇ ಈಜುತ್ತವೆ. 1950ರ ದಶಕದ ಕೊನೆಯಿಂದ ಟ್ಯೂನಾ ಹಡಗುಗಳು ಮೇಲೆ ಕಾಣುವ ಡಾಲ್ಫಿನ್‌ಗಳನ್ನು ಬೆನ್ನಟ್ಟಿ, ದಣಿಸಿ, ಅವುಗಳ ಸುತ್ತಲೇ ಬಲೆ ಬಿಗಿದವು. ಅಲ್ಲಿಂದೀಚೆಗೆ ಸತ್ತ ಡಾಲ್ಫಿನ್‌ಗಳು 60 ಲಕ್ಷಕ್ಕೂ ಹೆಚ್ಚೆಂದು ಅಮೆರಿಕದ ಸರ್ಕಾರಿ ಸಂಸ್ಥೆಯೇ ಅಂದಾಜು ಮಾಡಿದೆ. ನಮ್ಮ ಹಿಂದೂ ಮಹಾಸಾಗರವೇನೂ ನಿರಪರಾಧಿಯಲ್ಲ. ಇರಾನ್, ಪಾಕಿಸ್ತಾನ, ಭಾರತ, ಶ್ರೀಲಂಕಾ ಮೊದಲಾದ ದೇಶಗಳ ಟ್ಯೂನಾ ಗಿಲ್ ಬಲೆಗಳಲ್ಲಿ 1950ರಿಂದ 2018ರವರೆಗೆ ಸುಮಾರು 41 ಲಕ್ಷ ಡಾಲ್ಫಿನ್ ಮುಂತಾದ ಸಣ್ಣ ಕಡಲ ಸಸ್ತನಿಗಳು ಸಿಕ್ಕಿವೆ ಎಂಬುದು 2020ರ ಒಂದು ಅಂದಾಜು. ಮೂರು ವರ್ಷಕ್ಕೊಂದು ಮರಿ ಎಂಬ ಲೆಕ್ಕವನ್ನು ಈಗ ನೆನೆಯಿರಿ.

ಆದರೆ ಇಲ್ಲಿ ನಮ್ಮ ಕೂಟಗಳಲ್ಲಿ ಒಂದು ಸುಲಭದ ಜಾರುದಾರಿ ಇದೆ. "ಮೀನು ತಿನ್ನುವವರಿಂದಲೇ ಇದೆಲ್ಲ" ಎಂದು ಸಸ್ಯಾಹಾರಿಗಳು ಹೇಳಿ ಕೈತೊಳೆದುಕೊಳ್ಳುವುದು. ಅಂದಿನ ಚಹಾದ ಹೊತ್ತಿನಲ್ಲೂ ಆ ಮಾತು ಬಂತು. ಚರಿತ್ರೆ ಅಷ್ಟು ಸರಳವಾಗಿಲ್ಲ. ಬಲೆಯ ಅಂಚನ್ನು ತಗ್ಗಿಸಿ ಡಾಲ್ಫಿನ್‌ಗಳನ್ನು ಹೊರಬಿಡುವ ಹಡಗಿನ ಹಿನ್ನಡೆ ತಂತ್ರವನ್ನು ಕಂಡುಕೊಂಡವರು ಮೀನುಗಾರರೇ. ಮೂತಿ ಸಿಕ್ಕಿಕೊಳ್ಳದಂತೆ ಬಲೆಯ ಆ ಭಾಗಕ್ಕೆ ಸಣ್ಣ ಕಣ್ಣಿನ ಹೆಣಿಗೆಯನ್ನು 1970ರ ದಶಕದ ಆರಂಭದಲ್ಲಿ ಸೇರಿಸಿದವನು ಹೆರಾಲ್ಡ್ ಮೆಡಿನಾ ಎಂಬ ಟ್ಯೂನಾ ಹಡಗಿನ ನಾಯಕ; ಇಂದಿಗೂ ಅದು ಅವನ ಹೆಸರಿನಲ್ಲೇ ಇದೆ. ಕಾನೂನು, ಹಡಗಿನ ಮೇಲಿನ ವೀಕ್ಷಕರು, ಗ್ರಾಹಕರ ಒತ್ತಡ ಇವೆಲ್ಲ ಸೇರಿದ ಮೇಲೆ, 1986ರಲ್ಲಿ ಒಂದು ಲಕ್ಷವನ್ನು ಮೀರಿದ್ದ ಅಲ್ಲಿನ ವಾರ್ಷಿಕ ಸಾವು ಇತ್ತೀಚಿನ ವರ್ಷಗಳಲ್ಲಿ ಸಾವಿರದೊಳಕ್ಕೆ ಇಳಿದಿದೆ. ಪಾಕಿಸ್ತಾನದ ಮೀನುಗಾರರು ಗಿಲ್ ಬಲೆಯನ್ನು ಮೇಲ್ಮೈಯಿಂದ ಸುಮಾರು ಎರಡು ಮೀಟರ್ ಕೆಳಗಿಳಿಸಿ ಬಿಟ್ಟಾಗ ಡಾಲ್ಫಿನ್‌ಗಳ ಸಾವು ಬಹಳವಾಗಿ ತಗ್ಗಿತು. ನಮ್ಮ ಮಿನಿಕಾಯ್ ದ್ವೀಪದವರು ಟ್ಯೂನಾವನ್ನು ಹಿಡಿಯುವುದು ಗಾಳದ ಕೋಲಿನಿಂದ, ಒಂದೊಂದಾಗಿ. ಅಲ್ಲಿ ಡಾಲ್ಫಿನ್ ಸಿಕ್ಕಿಬೀಳುವ ಪ್ರಶ್ನೆ ಇಲ್ಲವೆಂದೇ ಹೇಳಬೇಕು. ಕಡಲನ್ನು ಬಲ್ಲವರು ಕಲಿತು ತಿದ್ದಿಕೊಂಡರು. ತಿದ್ದಿಕೊಳ್ಳುವ ಸರದಿ ಈಗ ಕಡಲನ್ನು ಬಣ್ಣಿಸುವವರದು.

ಇಷ್ಟಾಗಿ, ಕೊಲ್ಲುವುದು ಮತ್ತು ಎಬ್ಬಿಸುವುದು ನಾವೆಂದುಕೊಂಡಷ್ಟು ಬೇರೆಯೂ ಅಲ್ಲ. ಪೂರ್ವ ಪೆಸಿಫಿಕ್‌ನಲ್ಲಿ ಬಲೆಯ ಸಾವು ಇಳಿದ ಮೇಲೂ ಡಾಲ್ಫಿನ್‌ಗಳ ಸಂಖ್ಯೆ ನಿರೀಕ್ಷಿಸಿದ ವೇಗದಲ್ಲಿ ಚೇತರಿಸಿಕೊಳ್ಳಲಿಲ್ಲ. ಕಾರಣ ಹುಡುಕಿದವರು ಬೆನ್ನಟ್ಟುವಿಕೆಯ ಒತ್ತಡವನ್ನು ಶಂಕಿಸಿದರು. ಬಲೆಯಲ್ಲಿ ಸತ್ತ ಹಾಲೂಡುವ ಚುಕ್ಕೆ ಡಾಲ್ಫಿನ್ ತಾಯಂದಿರಲ್ಲಿ ಬಹುಪಾಲಿನ ಜೊತೆಗೆ ಮರಿ ಇರಲಿಲ್ಲ. ಓಟದಲ್ಲಿ ಮರಿ ಹಿಂದುಳಿದಿತ್ತು. ಅದರ ಸಾವು ಯಾವ ಲೆಕ್ಕಪುಸ್ತಕದಲ್ಲೂ ದಾಖಲಾಗಲಿಲ್ಲ. ಹೊರಗೆ ಗಾಯ ಕಾಣಿಸದ ತೊಂದರೆಯೂ ತೊಂದರೆಯೇ. ರಾತ್ರಿ ಪಾಳಿ ಮಾಡಿದ ಯಾವ ನರ್ಸ್, ಯಾವ ರೈಲ್ವೆ ಗಾರ್ಡ್ ಕೂಡ ಇದಕ್ಕೆ ಪುರಾವೆ ಕೇಳುವುದಿಲ್ಲ.

ಗಿರಕಿ ಡಾಲ್ಫಿನ್ ಅಳಿವಿನ ಅಂಚಿನಲ್ಲಿದೆ ಎಂದು ಹೆದರಿಸಿ ನಾನು ವಾದ ಗೆಲ್ಲಲು ಹೊರಟಿಲ್ಲ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇಡೀ ಜಾತಿಗೆ ಸದ್ಯ ಕಡಿಮೆ ಆತಂಕದ ಸ್ಥಾನವಿದೆ. ಪೂರ್ವ ಪೆಸಿಫಿಕ್‌ನ ಉಪಜಾತಿಗೆ ಮಾತ್ರ ಅಪಾಯದ ಗುರುತು ಇದೆ. ಆದರೆ ನಿದ್ದೆಯ ಹಕ್ಕು ಸಂಖ್ಯೆಯನ್ನು ಅವಲಂಬಿಸಿದೆಯೆ? ಡೊಂಬಿವಲಿಯಲ್ಲಿ ಗುಮಾಸ್ತರಿಗೆ ಕೊರತೆಯಿಲ್ಲ. ಹಾಗೆಂದು ಗಂಟೆ ಒತ್ತಬಹುದೆ?

ನಮ್ಮ ಊರಿನ ಮಾತೂ ಒಂದಿದೆ. ಗೋವೆಯಲ್ಲಿ, ಕಾರವಾರದಲ್ಲಿ, ಮುರ್ಡೇಶ್ವರದಲ್ಲಿ ದೋಣಿಯವರು ತೋರಿಸುವ ಡಾಲ್ಫಿನ್ ಸಾಮಾನ್ಯವಾಗಿ ಗಿರಕಿ ಡಾಲ್ಫಿನ್ ಅಲ್ಲ, ದಡದ ಆಳವಿಲ್ಲದ ನೀರಿನಲ್ಲೇ ಬದುಕು ಸಾಗಿಸುವ ಗೂನುಬೆನ್ನಿನ ಡಾಲ್ಫಿನ್. ಅದರ ದಿನಚರಿ ಬೇರೆ, ಬೇಟೆಯ ಬಗೆ ಬೇರೆ. ಅದು ನಿಜವಾಗಿಯೂ ಅಳಿವಿನ ಪಟ್ಟಿಯಲ್ಲಿದೆ. ರಜೆಗೆ ಊರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಆ ದೋಣಿ ಏರುವವರು ನಮ್ಮಲ್ಲಿ ಅನೇಕರು. ಏರಿ. ಆದರೆ ಎಂಜಿನ್ ನಿಲ್ಲಿಸಿ ದೂರದಿಂದ ನೋಡೋಣ ಎಂದು ದೋಣಿಯವರಿಗೆ ನೀವೇ ಹೇಳಿ. ಇನ್ನೂ ಹತ್ತಿರ, ಇನ್ನೂ ಹತ್ತಿರ ಎಂದು ಕೂಗುವವರು ನಾವು. ಬೈಗುಳ ತಿನ್ನುವವರು ಅವರು. ಮಕ್ಕಳಿಗೆ "ನೋಡು, ಕುಣಿಯುತ್ತಿದೆ" ಎನ್ನುವ ಬದಲು "ಅದು ಈಗ ಏನು ಮಾಡುತ್ತಿರಬಹುದು?" ಎಂದು ಕೇಳಿ. ಆ ಒಂದು ಪ್ರಶ್ನೆಯಲ್ಲಿ ವಿಜ್ಞಾನವೂ ಇದೆ, ಸಭ್ಯತೆಯೂ ಇದೆ.

ಕೊನೆಗೆ ಸಂಪಾದಕ ಮಂಡಳಿಗೂ ಹಿರಿಯ ಮಿತ್ರರಿಗೂ ನನ್ನ ವಿನಂತಿ. ಲೇಖನವನ್ನು ಕೈಬಿಡಬೇಡಿ. ಕೊಲ್ಲಿಯ ಬೆಳಕು, ಮರಳು, ಮೌನ ಎಲ್ಲವೂ ಹಾಗೆಯೇ ಇರಲಿ. ಅಷ್ಟು ಚೆನ್ನಾಗಿ ನಮ್ಮಲ್ಲಿ ಯಾರೂ ಬರೆಯಲಾರರು. "ಧ್ಯಾನಸ್ಥ" ಎಂಬಲ್ಲಿ "ನಿದ್ದೆಯಲ್ಲಿದ್ದವು" ಎಂದಾಗಲಿ. "ಸ್ವಾಗತಿಸಲೆಂದು ಅದು ಕುಣಿಯಿತು" ಎಂಬ ವಾಕ್ಯದ ಬದಲು, ನಾವು ನೀರಿಗಿಳಿದೆವು, ಅವು ಎದ್ದು ಹೊರಟುಹೋದವು ಎಂದಿರಲಿ. ಹವಾಯಿಗೆ ಹೋಗಲಿರುವ ನಮ್ಮ ಓದುಗರೊಬ್ಬರ ಕಣ್ಣಿಗೆ ಆ ಸಾಲು ಬಿದ್ದರೂ ಸಾಕು. ಡಾಲ್ಫಿನ್‌ಗೆ ಬಾಗಿಲಿಲ್ಲ, ಚೀಟಿ ಅಂಟಿಸಲು ಕೈಯಿಲ್ಲ. ಅದನ್ನು ಅಂಟಿಸುವ ಕೆಲಸವನ್ನು ಬರೆಯುವವರಾದ ನಾವು ಮಾಡಬಹುದು.